ದೇಹದ ದಿನವೆಚ್ಚ: ಅದನ್ನಳೆದ ಉಪಕರಣಗಳ ಚರಿತ್ರೆ

೧

ಮನುಷ್ಯನು ಒಂದು ದಿನದಲ್ಲಿ ಎಷ್ಟನ್ನು ಉಣ್ಣುವನೆಂಬುದನ್ನು ತಿಳಿಯುವುದು ಸುಲಭ, ತಕ್ಕಡಿಯೊಂದಿದ್ದರೆ ಸಾಕು. ಉಂಡುದನ್ನು ಅವನ ದೇಹವು ಹೇಗೆ, ಎಷ್ಟೆಷ್ಟು ವ್ಯಯಮಾಡುವುದೆಂಬುದನ್ನು ತಿಳಿಯುವುದು ಮಾತ್ರ ಬಹು ಕಷ್ಟವಾದ ವಿಷಯ. ಜಠರಾಗ್ನಿಯೆಂಬ ಕಲ್ಪನೆ ಭಾರತೀಯ ವೈದ್ಯಶಾಸ್ತ್ರದಲ್ಲಿ ಬಹು ಪ್ರಾಚೀನವಾದುದು. ಆದರೆ ಆ ಅಗ್ನಿಯು ಇಂದು ಎಷ್ಟು ಉರಿಯಿತು ಎಂಬುದನ್ನು ಹೊರಗಿನಿಂದ ಅಳೆದು ಅಂಕಿಯಲ್ಲಿ ಬರೆಯುವ ಪ್ರಯತ್ನವು ಸುಮಾರು ನಾಲ್ಕುನೂರು ವರ್ಷಗಳಿಂದೀಚೆಗೆ, ಯೂರೋಪಿನಲ್ಲಿ, ಮೊದಲಾದುದು.

ಆ ಪ್ರಯತ್ನದ ಈಚಿನ ಫಲವು ಮಣಿಕಟ್ಟಿಗೆ ಗಡಿಯಾರದಂತೆ ಕಟ್ಟಿಕೊಳ್ಳುವ ಚಟುವಟಿಕೆ ಮಾಪಕ. ಅದನ್ನು ಧರಿಸಿದವನು ನಡೆದ ಹೆಜ್ಜೆಗಳನ್ನು ಅದು ಎಣಿಸುವುದು, ನಾಡಿಯನ್ನು ನೋಡುವುದು, ದಿನದ ಕೊನೆಯಲ್ಲಿ, ಇಷ್ಟು ಕ್ಯಾಲೊರಿಗಳು ವೆಚ್ಚವಾದುವೆಂದು ಒಂದು ಅಂಕಿಯನ್ನು ತೋರಿಸುವುದು. ಕ್ಯಾಲೊರಿಯೆಂದರೆ ಇಲ್ಲಿ ಒಂದು ಕಿಲೋಗ್ರಾಂ ನೀರಿನ ಉಷ್ಣತೆಯನ್ನು ಒಂದು ಡಿಗ್ರಿಯಷ್ಟು ಏರಿಸಲು ಬೇಕಾಗುವ ಶಾಖ. ಆ ಅಂಕಿಯಲ್ಲಿ ಅಳತೆಯ ಪಾಲೆಷ್ಟು, ಊಹೆಯ ಪಾಲೆಷ್ಟು ಎಂಬುದೇ ಈ ಲೇಖನದಲ್ಲಿ ವಿಚಾರಿಸತಕ್ಕ ವಿಷಯ. ಇದು ಕೇವಲ ಯಂತ್ರಜ್ಞರ ಕುತೂಹಲಕ್ಕೆ ಸೇರಿದುದಲ್ಲ. ದುಡಿಯುವವನಿಗೆ ಎಷ್ಟು ಅನ್ನ ಬೇಕು ಎಂಬ ಪ್ರಶ್ನೆಗೆ ಸರ್ಕಾರಗಳು ಕಾಲಕಾಲಕ್ಕೆ ಕೊಟ್ಟಿರುವ ಉತ್ತರಗಳು ಇಂತಹ ಅಂಕಿಗಳ ಮೇಲೆಯೇ ನಿಂತಿವೆ. ಉತ್ತರವು ತಪ್ಪಿದಾಗ ಅದರ ದಂಡವನ್ನು ತೆತ್ತವರು ಅಂಕಿಯನ್ನು ಬರೆದವರಲ್ಲ.

೨

ಈ ಚರಿತ್ರೆಯ ಆರಂಭದಲ್ಲಿ ಕಾಣುವವನು ಇಟಲಿಯ ಪಾದುವಾ ವಿಶ್ವವಿದ್ಯಾಲಯದ ವೈದ್ಯಾಚಾರ್ಯನಾದ ಸಾಂಟೋರಿಯೋ (೧೫೬೧–೧೬೩೬). ದೊಡ್ಡದೊಂದು ತೂಗುಕೋಲಿಗೆ ಕುರ್ಚಿಯನ್ನು ತಗುಲಿಸಿ, ಅದರಲ್ಲಿ ತಾನೇ ಕುಳಿತು, ಊಟಕ್ಕೆ ಮುಂಚೆ, ಊಟವಾದ ಮೇಲೆ, ನಿದ್ರೆಯ ಹಿಂದೆ ಮುಂದೆ, ತನ್ನ ದೇಹದ ತೂಕವನ್ನು ಅವನು ವರ್ಷಗಟ್ಟಲೆ ಬರೆದಿಡುತ್ತಿದ್ದನು. ತಿಂದು ಕುಡಿದುದರ ತೂಕವನ್ನೂ ವಿಸರ್ಜಿಸಿದುದರ ತೂಕವನ್ನೂ ಹೋಲಿಸಿದಾಗ ಲೆಕ್ಕವು ಸರಿಹೋಗಲಿಲ್ಲ. ಒಳಗೆ ಹೋದುದರಲ್ಲಿ ಅರ್ಧಕ್ಕಿಂತಲೂ ಹೆಚ್ಚು ಭಾಗವು ಕಣ್ಣಿಗೆ ಕಾಣದಂತೆ ಮಾಯವಾಗುತ್ತಿದ್ದಿತು. ಇದನ್ನು ಅವನು ಅಗೋಚರವಾದ ಬೆವರೆಂದು ಕರೆದು, ೧೬೧೪ರಲ್ಲಿ ‘ದೇ ಸ್ಟಾಟಿಕಾ ಮೆಡಿಸಿನಾ’ ಎಂಬ ಸೂತ್ರರೂಪವಾದ ಲ್ಯಾಟಿನ್ ಗ್ರಂಥವನ್ನು ಪ್ರಕಟಿಸಿದನು. ಮಾಯವಾದ ಆ ವಸ್ತುವಿನ ಸ್ವರೂಪವೇನೆಂಬುದು ಅವನಿಗೆ ತಿಳಿದಿರಲಿಲ್ಲ. ತಿಳಿಯಲು ಬೇಕಾದ ರಸಾಯನಶಾಸ್ತ್ರವು ಆಗ ಇನ್ನೂ ಹುಟ್ಟಿರಲಿಲ್ಲ. ಆದರೂ ದೇಹಕ್ಕೆ ಒಂದು ಜಮಾಖರ್ಚಿನ ಲೆಕ್ಕವುಂಟು, ಅದನ್ನು ದಿನದಿನವೂ ಬರೆದಿಡಬಹುದು ಎಂಬ ಭಾವನೆಯನ್ನು ಬಿತ್ತಿದವನು ಅವನೇ. ಲೋಲಕದ ದಾರವನ್ನು ಉದ್ದ ಗಿಡ್ಡ ಮಾಡಿ ನಾಡಿಯ ವೇಗವನ್ನು ಅಳೆಯುವ ಉಪಕರಣವೊಂದನ್ನು ಕೂಡ ಅವನು ರಚಿಸಿದನು. ದೇಹದ ವೆಚ್ಚ, ನಾಡಿಯ ಬಡಿತ—ಇಂದಿನ ಮಣಿಕಟ್ಟಿನ ಯಂತ್ರದಲ್ಲಿ ಕೂಡಿರುವ ಈ ಎರಡು ಎಳೆಗಳೂ ಹೀಗೆ ಒಬ್ಬನೇ ಪುರುಷನಲ್ಲಿ ಮೊದಲು ಕಾಣಬರುವುದು ಗಮನಾರ್ಹವಾಗಿದೆ.

ಸಾಂಟೋರಿಯೋವಿನ ಒಗಟನ್ನು ಬಿಡಿಸಿದವನು ಫ್ರಾನ್ಸಿನ ಲಾವ್ವಾಸಿಯೆ. ೧೭೮೨–೮೩ರಲ್ಲಿ ಅವನೂ ಗಣಿತಜ್ಞನಾದ ಲಾಪ್ಲಾಸನೂ ಸೇರಿ, ಮಂಜುಗಡ್ಡೆಯಿಂದ ಸುತ್ತುವರಿದ ಪಾತ್ರೆಯೊಳಗೆ ಗಿನಿಯಿಲಿಯನ್ನಿರಿಸಿ, ಕರಗಿದ ನೀರಿನ ತೂಕದಿಂದ ಅದರ ದೇಹವು ಹೊರಬಿಟ್ಟ ಶಾಖವನ್ನು ಗಣಿಸಿದರು. ಉಸಿರಾಟವೆಂಬುದು ನಿಧಾನವಾದ ಒಂದು ದಹನವೆಂದೂ, ದೀಪದಲ್ಲಿ ಎಣ್ಣೆಯು ಉರಿಯುವಂತೆಯೇ ದೇಹದಲ್ಲಿ ಆಹಾರವು ಉರಿಯುವುದೆಂದೂ ಇದರಿಂದ ಸಿದ್ಧಪಟ್ಟಿತು. ಕೆಲವು ವರ್ಷಗಳ ತರುವಾಯ ಲಾವ್ವಾಸಿಯೆಯು ಸೆಗ್ವೆನ್ ಎಂಬ ಸಹಾಯಕನ ಮುಖಕ್ಕೆ ಮುಸುಕನ್ನು ಹಾಕಿ, ಅವನು ಸೇದುವ ಆಮ್ಲಜನಕವನ್ನು ವಿಶ್ರಾಂತಿಯಲ್ಲಿಯೂ ಉಂಡ ಮೇಲೂ ಕಾಲಿನಿಂದ ಮೆಟ್ಟನ್ನು ತುಳಿಯುವಾಗಲೂ ಅಳೆದನು. ದುಡಿಯುವಾಗ ಅದು ಇಮ್ಮಡಿಗಿಂತಲೂ ಮಿಗಿಲಾಯಿತು. ಈ ಪ್ರಯೋಗದ ದೃಶ್ಯವನ್ನು ಲಾವ್ವಾಸಿಯೆಯ ಪತ್ನಿಯು ಚಿತ್ರವಾಗಿ ಬರೆದಿರುವಳು. ಅದರಲ್ಲಿ ಆಕೆಯೇ ಒಂದು ಪಕ್ಕದಲ್ಲಿ ಕುಳಿತು ಲೆಕ್ಕವನ್ನು ಬರೆದುಕೊಳ್ಳುತ್ತಿದ್ದಾಳೆ.

ಆ ೧೭೮೯ರ ಪ್ರಬಂಧದಲ್ಲಿ ಸಾಹಿತ್ಯಾಭ್ಯಾಸಿಗಳ ಮನಸ್ಸನ್ನು ಸೆಳೆಯುವ ಎರಡು ವಿಚಾರಗಳುಂಟು. ಮೊದಲನೆಯದು: ಭಾಷಣಮಾಡುವ ವಾಗ್ಮಿ, ಚಿಂತಿಸುವ ತತ್ತ್ವಜ್ಞ, ಬರೆಯುವ ಪಂಡಿತ, ರಾಗವನ್ನು ರಚಿಸುವ ಸಂಗೀತಗಾರ—ಇವರ ಶ್ರಮದಲ್ಲಿ ದೈಹಿಕವಾದ ಪಾಲು ಎಷ್ಟೆಂಬುದನ್ನೂ ಮುಂದೆ ಇದೇ ಮಾನದಿಂದ ಅಳೆಯಬಹುದೆಂಬ ನಿರೀಕ್ಷೆ. ಎರಡನೆಯದು ಇದಕ್ಕಿಂತ ಗಂಭೀರವಾದುದು. ತೋಳ್ಬಲದಿಂದ ಬದುಕುವ ಬಡವನ ದೇಹವೇ ಹೆಚ್ಚಾಗಿ ಉರಿಯುವುದಾದರೆ, ಹೆಚ್ಚು ಆಹಾರವು ಬೇಕಾದವನಿಗೆ ಅದು ಕಡಿಮೆಯಾಗಿಯೂ, ಅಷ್ಟು ಬೇಡದ ಶ್ರೀಮಂತನಿಗೆ ಸಮೃದ್ಧವಾಗಿಯೂ ದೊರೆಯುವುದೇಕೆ ಎಂದು ಅವನು ಕೇಳಿದನು. ದೋಷವು ಪ್ರಕೃತಿಯದಲ್ಲ, ಸಮಾಜವ್ಯವಸ್ಥೆಯದೆಂದು ಸೂಚಿಸಿದನು. ಫ್ರಾನ್ಸಿನ ಮಹಾಕ್ರಾಂತಿಯು ಆರಂಭವಾದ ವರ್ಷದ ಮಾತಿದು. ಅದೇ ಕ್ರಾಂತಿಯು ೧೭೯೪ರ ಮೇ ೮ರಂದು ಅವನ ಶಿರಚ್ಛೇದವನ್ನು ಮಾಡಿತು. ಪ್ರಶ್ನೆಯು ಉಳಿದುಕೊಂಡಿತು.

೩

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಅಳತೆಯು ಪ್ರಯೋಗಶಾಲೆಯಿಂದ ಸೆರೆಮನೆಗೂ ಕ್ಷಾಮದ ಶಿಬಿರಕ್ಕೂ ಕಾಲಿಟ್ಟಿತು. ಇಂಗ್ಲೆಂಡಿನಲ್ಲಿ ಎಡ್ವರ್ಡ್ ಸ್ಮಿತ್ ಎಂಬ ವೈದ್ಯನು, ಲಂಡನ್ನಿನ ಕೋಲ್ಡ್‌ಬಾತ್ ಫೀಲ್ಡ್ಸ್ ಸೆರೆಮನೆಯಲ್ಲಿ ಕೈದಿಗಳು ತುಳಿಯಬೇಕಾಗಿದ್ದ ತುಳಿಚಕ್ರವನ್ನು ತಾನೂ ಹತ್ತಿ ತುಳಿದು, ಆಗ ಉಸಿರಿನಲ್ಲಿ ಹೊರಬೀಳುವ ಇಂಗಾಲಾಮ್ಲವು ಎಷ್ಟು ಪಾಲು ಏರುವುದೆಂಬುದನ್ನು ೧೮೫೦ರ ದಶಕದಲ್ಲಿ ಅಳೆದನು. ಅಮೆರಿಕದ ಅಂತರ್ಯುದ್ಧದಿಂದ ಹತ್ತಿಯು ಬಾರದೆ ಲ್ಯಾಂಕಾಷೈರಿನ ಗಿರಣಿಗಳು ನಿಂತುಹೋದಾಗ, ಕೆಲಸವಿಲ್ಲದ ಕೂಲಿಗಳು ಹಸಿವಿನ ರೋಗಗಳಿಗೆ ತುತ್ತಾಗದಿರಲು ಕನಿಷ್ಠಪಕ್ಷ ಎಷ್ಟು ಆಹಾರವು ಬೇಕೆಂಬುದನ್ನು ವಿಚಾರಿಸಲು ೧೮೬೨ರಲ್ಲಿ ಅವನನ್ನೇ ನೇಮಿಸಿದರು. ‘ಕನಿಷ್ಠ’ವೆಂಬ ಮಾತು ಈ ಶಾಸ್ತ್ರದೊಳಗೆ ಪ್ರವೇಶಿಸಿದ ಬಗೆ ಇದು. ದೇಹಕ್ಕೆ ಏನು ಬೇಕೆಂದು ಕೇಳುವ ಬದಲು, ಎಷ್ಟಕ್ಕೆ ಇಳಿಸಿದರೆ ಅದು ಬದುಕಿರುವುದೆಂದು ಕೇಳುವ ವಾಡಿಕೆಯು ಇಲ್ಲಿಂದ ಮುಂದೆ ಬಲವಾಯಿತು.

ಆ ವಾಡಿಕೆಯ ಕಠೋರವಾದ ರೂಪವನ್ನು ದಕ್ಷಿಣ ಭಾರತವು ಧಾತು, ಈಶ್ವರ ಸಂವತ್ಸರಗಳಲ್ಲಿ, ಎಂದರೆ ೧೮೭೬–೭೮ರ ಮಹಾಕ್ಷಾಮದಲ್ಲಿ ಕಂಡಿತು. ಭಾರತ ಸರ್ಕಾರದ ಕ್ಷಾಮಪ್ರತಿನಿಧಿಯಾಗಿ ಬಂದ ಸರ್ ರಿಚರ್ಡ್ ಟೆಂಪಲ್, ಪರಿಹಾರ ಕಾಮಗಾರಿಗಳಲ್ಲಿ ಮಣ್ಣು ಹೊರುವ, ಕಲ್ಲು ಒಡೆಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯದ ಬೆಲೆಯನ್ನೂ ಅದರ ಮೇಲೆ ಒಂದಾಣೆಯನ್ನೂ ಕೊಟ್ಟರೆ ಸಾಕೆಂದು ೧೮೭೭ರಲ್ಲಿ ವಿಧಿಸಿದರು. ಹೆಂಗಸರಿಗೂ ಮಕ್ಕಳಿಗೂ ಇನ್ನೂ ಕಡಿಮೆ. ಮದರಾಸು ಪ್ರಾಂತದ ಆರೋಗ್ಯಾಧಿಕಾರಿಯಾಗಿದ್ದ ಕಾರ್ನಿಷ್ ಎಂಬುವರು ಇದನ್ನು ಬಲವಾಗಿ ವಿರೋಧಿಸಿ, ದುಡಿಯುವ ದೇಹಕ್ಕೆ ಒಂದೂವರೆ ಪೌಂಡು ಧಾನ್ಯವೂ ಅದರೊಡನೆ ಬೇಳೆ ತರಕಾರಿಗಳೂ ಬೇಕೆಂದು ವಾದಿಸಿದರು. ವಾದವಿವಾದಗಳ ನಂತರ ಆ ವರ್ಷದಲ್ಲಿಯೇ ಕೂಲಿಯನ್ನು ಕೊಂಚ ಏರಿಸಲಾಯಿತಾದರೂ ಕಾರ್ನಿಷ್ಷರು ಕೇಳಿದ ಮಟ್ಟಕ್ಕೆ ಅದು ಬರಲಿಲ್ಲ.

ಇಂದಿನ ಲೆಕ್ಕದಿಂದ ಈ ವ್ಯಾಜ್ಯವನ್ನು ಪರಿಶೀಲಿಸಬಹುದು. ಒಂದು ಪೌಂಡು ಅಕ್ಕಿಯಲ್ಲಿ ಸುಮಾರು ೧೬೦೦ ಕ್ಯಾಲೊರಿಗಳುಂಟು. ರಾಗಿಯಲ್ಲಿ ಅದಕ್ಕಿಂತ ಸ್ವಲ್ಪ ಕಡಿಮೆ. ಏನನ್ನೂ ಮಾಡದೆ ಸುಮ್ಮನೆ ಮಲಗಿರುವ ಸಾಧಾರಣ ಗಂಡಸಿನ ದೇಹವೇ ದಿನಕ್ಕೆ ೧೩೦೦ರಿಂದ ೧೫೦೦ ಕ್ಯಾಲೊರಿಗಳನ್ನು ವ್ಯಯಿಸುವುದು. ಆದುದರಿಂದ ಆ ಒಂದು ಪೌಂಡು ಧಾನ್ಯವು ಬಿಸಿಲಿನಲ್ಲಿ ದುಡಿಯುವವನಿಗೆ ಕೊಟ್ಟ ಕೂಲಿಯಲ್ಲ, ಮಲಗಿದ್ದವನು ಉಸಿರಾಡಿಕೊಂಡಿರಲು ಬೇಕಾದುದಕ್ಕಿಂತ ಒಂದು ಹಿಡಿ ಹೆಚ್ಚು, ಅಷ್ಟೆ. ಉಪ್ಪು, ಕಾರ, ಸೌದೆ ಮೊದಲಾದುವೆಲ್ಲವೂ ಉಳಿದ ಒಂದಾಣೆಯಲ್ಲಿಯೇ ಆಗಬೇಕಾಗಿದ್ದಿತು. ಆಗ ಇಂಗ್ಲಿಷ್ ಕಮಿಷನರುಗಳ ಆಳಿಕೆಯಲ್ಲಿದ್ದ ಮೈಸೂರು ಸಂಸ್ಥಾನದಲ್ಲಿಯೂ ಇದೇ ಕ್ಷಾಮವು ಹಬ್ಬಿತ್ತು. ೧೮೭೧ರ ಜನಗಣತಿಯಲ್ಲಿ ಐವತ್ತು ಲಕ್ಷವನ್ನು ಮೀರಿದ್ದ ಅಲ್ಲಿನ ಜನಸಂಖ್ಯೆಯು ೧೮೮೧ರಲ್ಲಿ ನಲವತ್ತೆರಡು ಲಕ್ಷಕ್ಕೂ ಕೊಂಚ ಕೆಳಗಿಳಿದಿತ್ತು. ಈ ನಷ್ಟವೆಲ್ಲವೂ ಒಂದು ಅಂಕಿಯ ತಪ್ಪಿನಿಂದಾಯಿತೆಂದು ಹೇಳಲಾಗದು. ಮಳೆ, ಬೆಲೆ, ಸಾಗಣೆ, ರೋಗ ಎಲ್ಲವೂ ಅದರಲ್ಲಿ ಸೇರಿದ್ದುವು. ಆದರೆ ದೇಹದ ವೆಚ್ಚವನ್ನು ಅಳೆಯದೆಯೇ ವಿಧಿಸಿದಾಗ ಏನಾಗುವುದೆಂಬುದಕ್ಕೆ ಈ ಪ್ರಕರಣವು ಸಾಕ್ಷಿಯಾಗಿ ನಿಂತಿದೆ.

೪

ಅಳತೆಯ ಶಾಸ್ತ್ರವು ಈ ನಡುವೆ ಜರ್ಮನಿಯಲ್ಲಿಯೂ ಅಮೆರಿಕದಲ್ಲಿಯೂ ಪರಿಷ್ಕಾರವನ್ನು ಪಡೆಯಿತು. ಮ್ಯೂನಿಕ್ಕಿನಲ್ಲಿ ಪೆಟೆನ್‌ಕೋಫರ್ ಮತ್ತು ವಾಯ್ಟ್ ಎಂಬುವರು ೧೮೬೦ರ ದಶಕದಲ್ಲಿ ಮನುಷ್ಯನು ಒಳಗೆ ವಾಸಮಾಡಬಹುದಾದ ಉಸಿರುಕೋಣೆಯನ್ನು ಕಟ್ಟಿದರು. ವಾಯ್ಟನ ಶಿಷ್ಯನಾದ ರುಬ್ನರ್, ನಾಯಿಯ ದೇಹದಿಂದ ಹೊರಟ ಶಾಖವೂ ಅದು ತಿಂದ ಆಹಾರದ ದಹನದಿಂದ ಬರತಕ್ಕ ಶಾಖವೂ ಸಮವೆಂದು ೧೮೯೪ರಲ್ಲಿ ತೋರಿಸಿದನು. ಅಮೆರಿಕದ ಮಿಡ್ಲ್‌ಟೌನಿನಲ್ಲಿ ಅಟ್ವಾಟರ್ ಮತ್ತು ರೋಸಾ ಎಂಬುವರು ಏಳು ಅಡಿ ಉದ್ದ, ನಾಲ್ಕು ಅಡಿ ಅಗಲದ ಕೋಣೆಯನ್ನು ನಿರ್ಮಿಸಿ, ಅದರಲ್ಲಿ ಮನುಷ್ಯರನ್ನು ಹಲವು ದಿನಗಳ ಕಾಲ ಇರಿಸಿ, ನಿಯಮವು ಮನುಷ್ಯನಿಗೂ ಅನ್ವಯಿಸುವುದೆಂದು ಸ್ಥಾಪಿಸಿದರು. ಪಿಷ್ಟ, ಸಸಾರಜನಕಗಳಿಗೆ ಗ್ರಾಮಿಗೆ ನಾಲ್ಕು, ಕೊಬ್ಬಿಗೆ ಒಂಬತ್ತು ಕ್ಯಾಲೊರಿಗಳೆಂದು ಇಂದು ಪಾಠಶಾಲೆಗಳಲ್ಲಿ ಹೇಳುವ ಲೆಕ್ಕವು ಅಟ್ವಾಟರನಿಂದಲೇ ಬಂದುದು.

ಕೋಣೆಯ ಅಳತೆಯು ನಿಷ್ಕೃಷ್ಟವಾದುದು. ಆದರೆ ಕೋಣೆಯೊಳಗೆ ಹೊಲವಿಲ್ಲ, ಬಾವಿಯಿಲ್ಲ, ಸಂತೆಯಿಲ್ಲ. ಮನುಷ್ಯನು ನಿಜವಾಗಿ ದುಡಿಯುವ ಸ್ಥಳಕ್ಕೆ ಅಳತೆಯನ್ನು ಕೊಂಡೊಯ್ಯಬೇಕಾದರೆ ಉಪಕರಣವು ಹಗುರವಾಗಬೇಕು. ಒಂದು ಲೀಟರು ಆಮ್ಲಜನಕವು ವೆಚ್ಚವಾದರೆ ದೇಹದಲ್ಲಿ ಹೆಚ್ಚುಕಡಮೆ ಐದು ಕ್ಯಾಲೊರಿ ಶಾಖವು ಹುಟ್ಟಿತೆಂದು ಗೊತ್ತಾಗಿದ್ದುದರಿಂದ, ಉಸಿರನ್ನು ಹಿಡಿದರೆ ಸಾಕಾಗಿತ್ತು. ಬರ್ಲಿನ್ನಿನ ತ್ಸುಂಟ್ಸ್ ಎಂಬುವನು ಬೆನ್ನಿನ ಮೇಲೆ ಹೊರುವ ವಾಯುಮಾಪಕವನ್ನು ರಚಿಸಿದನು. ದಂಡಯಾತ್ರೆಯ ನಡಿಗೆಯಲ್ಲಿ ಸೈನಿಕರ ವೆಚ್ಚವನ್ನು ಅವನು ಪರಿಶೀಲಿಸಿದನು. ೧೯೧೧ರಲ್ಲಿ ಆಕ್ಸ್‌ಫರ್ಡಿನ ಡಗ್ಲಾಸ್, ಬಿಟ್ಟ ಉಸಿರನ್ನೆಲ್ಲ ತುಂಬಿಕೊಳ್ಳುವ ದೊಡ್ಡ ಚೀಲವನ್ನು ಬಳಕೆಗೆ ತಂದನು. ೧೯೪೦ರಲ್ಲಿ ಜರ್ಮನಿಯ ಕೋಫ್ರಾನಿ ಮತ್ತು ಮಿಖಾಯೆಲಿಸ್ ಎಂಬುವರ ಸಣ್ಣ ಯಂತ್ರವು ಬಂದಿತು. ಇವುಗಳ ಸಹಾಯದಿಂದ ಗಣಿ, ಕಾಡು, ಹೊಲ, ಅಡಿಗೆಮನೆಗಳಲ್ಲಿ ಕೆಲಸ ಕೆಲಸದ ಖರ್ಚನ್ನು ಬೇರೆಬೇರೆಯಾಗಿ ಅಳೆಯುವುದು ಸಾಧ್ಯವಾಯಿತು. ಹೀಗೆ ಸಂಗ್ರಹವಾದ ಅಂಕಿಗಳನ್ನು ಪ್ಯಾಸ್‌ಮೋರ್ ಮತ್ತು ಡರ್ನಿನ್ ಎಂಬುವರು ೧೯೫೫ರಲ್ಲಿ ಒಂದೆಡೆ ತಂದರು. ಆದರೂ ಬಾಯಿಗೆ ಕೊಳವೆಯನ್ನು ಕಟ್ಟಿಕೊಂಡು ಯಾರೂ ದಿನಪೂರ್ತಿ ಇರಲಾರರು. ಹತ್ತು ನಿಮಿಷವನ್ನು ಅಳೆದು ಇಡೀ ದಿನವನ್ನು ಊಹಿಸಬೇಕಾಗುತ್ತಿದ್ದಿತು.

ಇದರ ಜೊತೆಗೆ, ವಿಶ್ರಾಂತಿಯಲ್ಲಿರುವ ದೇಹದ ಮೂಲವೆಚ್ಚವನ್ನು ವಯಸ್ಸು, ಎತ್ತರ, ತೂಕಗಳಿಂದ ಗಣಿಸುವ ಸೂತ್ರಗಳೂ ಹುಟ್ಟಿದುವು. ಅವುಗಳಲ್ಲಿ ಪ್ರಸಿದ್ಧವಾದುದು ಹ್ಯಾರಿಸ್ ಮತ್ತು ಬೆನೆಡಿಕ್ಟ್ ಎಂಬುವರು ಅಮೆರಿಕದ ೧೩೬ ಗಂಡಸರನ್ನೂ ೧೦೩ ಹೆಂಗಸರನ್ನೂ ಅಳೆದು ೧೯೧೯ರಲ್ಲಿ ಪ್ರಕಟಿಸಿದುದು. ಸಾಧಾರಣವಾಗಿ ಕುಳಿತು ಕೆಲಸಮಾಡುವವರ ದಿನವೆಚ್ಚದಲ್ಲಿ ನೂರಕ್ಕೆ ಅರವತ್ತು ಎಪ್ಪತ್ತು ಪಾಲು ಈ ಮೂಲವೆಚ್ಚವೇ ಆಗಿರುವುದರಿಂದ, ಸೂತ್ರದಲ್ಲಿ ದೋಷವಿದ್ದರೆ ಮುಂದಿನ ಲೆಕ್ಕವೆಲ್ಲವೂ ಓರೆಯಾಗುವುದು. ಅದೇ ಬೆನೆಡಿಕ್ಟರು ಮದರಾಸಿನ ಮಹಿಳಾ ಕಾಲೇಜಿನ ಅಧ್ಯಾಪಿಕೆ ಎಲಿನರ್ ಮೇಸನ್ನರೊಡನೆ ೧೯೩೧ರಲ್ಲಿ ಪ್ರಕಟಿಸಿದ ಪರಿಶೋಧನೆಯಲ್ಲಿ, ದಕ್ಷಿಣ ಭಾರತದ ಹೆಂಗಸರ ಮೂಲವೆಚ್ಚವು ಪಾಶ್ಚಾತ್ಯ ಮಾನಕ್ಕಿಂತ ಸ್ಪಷ್ಟವಾಗಿ ಕಡಿಮೆಯೆಂದು ಕಂಡುಬಂದಿತು. ಈ ಎಚ್ಚರಿಕೆಯು ಮುಂದೆ ಬಹುಕಾಲ ಬದಿಗೆ ಸರಿದಿದ್ದಿತು.

೫

ಇನ್ನೊಂದು ಎಳೆಯು ಹೆಜ್ಜೆಯ ಎಣಿಕೆಯದು. ನಡೆದ ದೂರವನ್ನು ಅಳೆಯುವ ಯಂತ್ರದ ರೇಖಾಚಿತ್ರವು ಲಿಯೊನಾರ್ಡೋ ದ ವಿಂಚಿಯ ಹಸ್ತಪ್ರತಿಗಳಲ್ಲಿ ದೊರೆಯುವುದು. ಹದಿನೆಂಟನೆಯ ಶತಮಾನದ ಗಡಿಯಾರಗಾರರು ಜೇಬಿನಲ್ಲಿಡಬಹುದಾದ ಹೆಜ್ಜೆಯೆಣಿಕೆಯ ಯಂತ್ರಗಳನ್ನು ಮಾಡಿದರು. ಪ್ಯಾರಿಸ್ಸಿನಲ್ಲಿ ಅಮೆರಿಕದ ರಾಯಭಾರಿಯಾಗಿದ್ದ ಜೆಫರ್‌ಸನ್ ಅಂತಹದೊಂದನ್ನು ೧೭೮೮ರಲ್ಲಿ ತನ್ನ ಮಿತ್ರನಾದ ಮ್ಯಾಡಿಸನ್ನನಿಗೆ ಕಳುಹಿಸಿಕೊಟ್ಟನು. ಇವುಗಳ ಉದ್ದೇಶವು ದಾರಿಯ ಅಳತೆಯೇ ಹೊರತು ದೇಹದ ಅಳತೆಯಲ್ಲ. ಆರೋಗ್ಯಕ್ಕೂ ಹೆಜ್ಜೆಯೆಣಿಕೆಗೂ ಜನಸಾಮಾನ್ಯರ ಮನಸ್ಸಿನಲ್ಲಿ ಗಂಟು ಬಿದ್ದುದು ಜಪಾನಿನಲ್ಲಿ. ಟೋಕಿಯೋ ಒಲಿಂಪಿಕ್ ಕ್ರೀಡೆಗಳ ಮರುವರ್ಷ, ೧೯೬೫ರಲ್ಲಿ, ಯಮಾಸಾ ಎಂಬ ಗಡಿಯಾರದ ಕಂಪನಿಯು ‘ಮಾನ್‌ಪೋ-ಕೇಯ್’, ಎಂದರೆ ಹತ್ತು ಸಾವಿರ ಹೆಜ್ಜೆಯ ಮಾಪಕ, ಎಂಬ ಹೆಸರಿನಲ್ಲಿ ಯಂತ್ರವೊಂದನ್ನು ಮಾರಿತು. ದಿನಕ್ಕೆ ಹತ್ತು ಸಾವಿರ ಹೆಜ್ಜೆಗಳೆಂಬ ಇಂದಿನ ಲೋಕಪ್ರಸಿದ್ಧವಾದ ವಿಧಿಯು ಈ ಹೆಸರಿನಿಂದ ಹರಡಿದುದೇ ಹೊರತು, ಮೊದಲು ಪರಿಶೋಧನೆಯಿಂದ ಸಿದ್ಧಪಟ್ಟುದಲ್ಲ. ೨೦೧೯ರಲ್ಲಿ ಅಮೆರಿಕದ ವೃದ್ಧ ಸ್ತ್ರೀಯರನ್ನು ಕುರಿತು ಪ್ರಕಟವಾದ ಒಂದು ಪರಿಶೋಧನೆಯಲ್ಲಿ, ಹೆಜ್ಜೆಗಳು ಹೆಚ್ಚಿದಂತೆ ಮರಣದ ಪ್ರಮಾಣವು ತಗ್ಗುತ್ತ ಹೋಗಿ, ಸುಮಾರು ಏಳೂವರೆ ಸಾವಿರದ ಹೊತ್ತಿಗೆ ಆ ಇಳಿಕೆಯು ನಿಂತಿತು.

ಹೆಜ್ಜೆಯನ್ನೆಣಿಸುವ ಯಂತ್ರಕ್ಕೆ ಮೆಲ್ಲನೆಯ ನಡಿಗೆಯೂ ಓಟವೂ ಒಂದೇ. ಚಲನೆಯ ತೀವ್ರತೆಯನ್ನೂ ಗ್ರಹಿಸುವುದು ವೇಗೋತ್ಕರ್ಷಮಾಪಕ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ವಾಂಗ್, ವೆಬ್‌ಸ್ಟರ್, ಮಾಂಟಾಯ್ ಮೊದಲಾದವರು ಸೊಂಟಕ್ಕೆ ಕಟ್ಟಬಹುದಾದ ಇಂತಹ ಮಾಪಕವನ್ನು ರಚಿಸಿ, ಅದರಿಂದ ಶಕ್ತಿವ್ಯಯವನ್ನು ಅಂದಾಜು ಮಾಡುವ ಕ್ರಮವನ್ನು ೧೯೮೧ರಲ್ಲಿ ಪ್ರಕಟಿಸಿದರು. ದೇಹವು ಅಲುಗಿದಾಗಲೆಲ್ಲ ಒಳಗಿನ ಸಣ್ಣ ತೂಕವು ಬಾಗಿ ವಿದ್ಯುತ್ತಿನ ಮಿಡಿತವನ್ನು ಹುಟ್ಟಿಸುವುದು. ಆ ಮಿಡಿತಗಳ ಮೊತ್ತವೇ ಯಂತ್ರದ ಎಣಿಕೆ. ಮುಂದೆ ಈ ಅಂಗಗಳನ್ನು ಸಿಲಿಕಾನಿನ ಸೂಕ್ಷ್ಮವಾದ ತುಣುಕಿನೊಳಗೇ ಕೆತ್ತುವುದು ಸಾಧ್ಯವಾದ ಮೇಲೆ ಯಂತ್ರವು ಸೊಂಟದಿಂದ ಮಣಿಕಟ್ಟಿಗೆ ಏರಿತು. ಚರ್ಮದ ಮೇಲೆ ಹಸಿರು ಬೆಳಕನ್ನು ಬಿಟ್ಟು, ರಕ್ತದ ಏರಿಳಿತದಿಂದ ಆ ಬೆಳಕಿನಲ್ಲಾಗುವ ವ್ಯತ್ಯಾಸವನ್ನು ಗುರುತಿಸಿ ನಾಡಿಯನ್ನೆಣಿಸುವ ಏರ್ಪಾಡೂ ಅದಕ್ಕೆ ಕೂಡಿಕೊಂಡಿತು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಸಾಂಟೋರಿಯೋ ತೂಕವನ್ನಳೆದನು, ಲಾವ್ವಾಸಿಯೆ ಶಾಖವನ್ನೂ ಉಸಿರನ್ನೂ ಅಳೆದನು. ಮಣಿಕಟ್ಟಿನ ಯಂತ್ರವಾದರೋ ಇವು ಯಾವುದನ್ನೂ ಅಳೆಯುವುದಿಲ್ಲ. ಅದು ಅಳೆಯುವುದು ಕೈಯ ಅಲುಗಾಟವನ್ನೂ ನಾಡಿಯನ್ನೂ ಮಾತ್ರ. ಅವುಗಳಿಂದ ಕ್ಯಾಲೊರಿಗೆ ಹೋಗುವ ದಾರಿಯಲ್ಲಿ ಎರಡು ಸೇತುವೆಗಳುಂಟು. ಒಂದು, ಧರಿಸಿದವನು ತಿಳಿಸಿದ ವಯಸ್ಸು, ತೂಕಗಳಿಂದ ಸೂತ್ರದ ಮೂಲಕ ಗಣಿಸಿದ ಮೂಲವೆಚ್ಚ. ಇನ್ನೊಂದು, ಪ್ರಯೋಗಶಾಲೆಯಲ್ಲಿ ಕೆಲವರನ್ನು ನಡೆಯಿಸಿ, ಓಡಿಸಿ, ಯಂತ್ರದ ಎಣಿಕೆಯನ್ನೂ ಉಸಿರಿನ ಅಳತೆಯನ್ನೂ ಹೊಂದಿಸಿ ಕಟ್ಟಿದ ಸಮೀಕರಣ. ಇಂತಹ ಸಮೀಕರಣಗಳಲ್ಲಿ ಬಹಳವಾಗಿ ಬಳಕೆಯಾದುದು ಫ್ರೀಡ್‌ಸನ್ ಮತ್ತು ಅವರ ಸಂಗಡಿಗರು ೧೯೯೮ರಲ್ಲಿ ಕೊಟ್ಟುದು. ಅದರ ಆಧಾರವು ಉರುಳುಪಟ್ಟಿಯ ಮೇಲೆ ಮೂರು ವೇಗಗಳಲ್ಲಿ ನಡೆದು ಓಡಿದ ಐವತ್ತು ಮಂದಿ ವಯಸ್ಕರು. ನಿಮಿಷಕ್ಕೆ ೧೯೫೨ ಎಣಿಕೆಗಳನ್ನು ಮೀರಿದರೆ ಮಧ್ಯಮ ಶ್ರಮವೆಂಬ ಮೇರೆಯು ಅಲ್ಲಿಂದ ಬಂದುದು. ಸಮತಟ್ಟಾದ ಪಟ್ಟಿಯ ಮೇಲೆ ಬರಿಗೈಯಲ್ಲಿ ನಡೆಯುವವರಿಗೆ ಅದು ಒಪ್ಪುವುದು. ತಲೆಯ ಮೇಲೆ ಹೊರೆಯನ್ನಿಟ್ಟುಕೊಂಡು ನಡೆಯುವವಳ ಹೆಜ್ಜೆಯು ಬರಿಗೈಯವಳ ಹೆಜ್ಜೆಗಿಂತ ಮೆಲ್ಲಗಿರುವುದು. ಯಂತ್ರಕ್ಕೆ ಹೊರೆಯು ಕಾಣದು, ಮೆಲ್ಲನೆಯ ಹೆಜ್ಜೆಯಷ್ಟೆ ಕಾಣುವುದು. ಬೀಸುವ ಕಲ್ಲಿನ ಮುಂದೆ ಕುಳಿತವಳ ಸೊಂಟದಲ್ಲಿ ಯಂತ್ರವನ್ನು ಕಟ್ಟಿದರೆ ಅದು ಆಕೆಯನ್ನು ವಿಶ್ರಾಂತಿಯಲ್ಲಿರುವವಳೆಂದೇ ಎಣಿಸುವ ಸಂಭವವುಂಟು. ಏರುದಾರಿಯೂ ಹಾಗೆಯೇ.

ಇಷ್ಟರಿಂದ ಯಂತ್ರವು ನಿರರ್ಥಕವೆಂದು ತಿಳಿಯಬಾರದು. ಮನುಷ್ಯನ ನೆನಪಿಗಿಂತ ಅದು ಎಷ್ಟೋ ಪಾಲು ನಂಬತಕ್ಕುದು. ಅಮೆರಿಕದಲ್ಲಿ ೨೦೦೩–೦೪ರ ಆರೋಗ್ಯ ಸಮೀಕ್ಷೆಯಲ್ಲಿ ಈ ಮಾಪಕಗಳನ್ನು ಜನರಿಗೆ ತೊಡಿಸಿ ನೋಡಿದಾಗ, ವಿಧಿಸಿದಷ್ಟು ವ್ಯಾಯಾಮವನ್ನು ನಿಜವಾಗಿ ಮಾಡುತ್ತಿದ್ದ ವಯಸ್ಕರು ನೂರಕ್ಕೆ ಐವರಿಗಿಂತಲೂ ಕಡಿಮೆಯಾಗಿದ್ದರು. ಬಾಯಿಮಾತಿನ ಲೆಕ್ಕದಲ್ಲಾದರೋ ಅರ್ಧದಷ್ಟು ಜನ ಮಾಡುತ್ತಿದ್ದರು.

೬

ಯಂತ್ರದ ಅಂಕಿಯನ್ನು ಒರೆಗೆ ಹಚ್ಚಲು ಒಂದು ನಿಕಷವು ಬೇಕಲ್ಲವೆ? ಅದನ್ನು ಒದಗಿಸಿದುದು ಭಾರಜಲದ ವಿಧಾನ. ಅಮೆರಿಕದ ಮಿನಸೋಟದಲ್ಲಿ ಲಿಫ್‌ಸನ್ ಎಂಬುವರೂ ಅವರ ಸಹೋದ್ಯೋಗಿಗಳೂ, ಉಸಿರಿನಲ್ಲಿ ಬಿಡುವ ಇಂಗಾಲಾಮ್ಲದಲ್ಲಿರುವ ಆಮ್ಲಜನಕವು ದೇಹದ ನೀರಿನಲ್ಲಿರುವ ಆಮ್ಲಜನಕದೊಡನೆ ಸಮತೋಲದಲ್ಲಿರುವುದೆಂದು ೧೯೪೯ರಲ್ಲಿ ತೋರಿಸಿ, ೧೯೫೫ರಲ್ಲಿ ಇಲಿಗಳ ಮೇಲೆ ಈ ವಿಧಾನವನ್ನು ನಡೆಸಿದರು. ಭಾರವಾದ ಜಲಜನಕವನ್ನೂ ಭಾರವಾದ ಆಮ್ಲಜನಕವನ್ನೂ ಒಳಗೊಂಡ ನೀರನ್ನು ಕುಡಿಯಿಸಿದರೆ, ಜಲಜನಕವು ನೀರಾಗಿ ಮಾತ್ರ ದೇಹವನ್ನು ಬಿಡುವುದು. ಆಮ್ಲಜನಕವು ನೀರಾಗಿಯೂ ಇಂಗಾಲಾಮ್ಲವಾಗಿಯೂ ಬಿಡುವುದು. ಒಂದೆರಡು ವಾರಗಳ ಮೂತ್ರವನ್ನು ಪರೀಕ್ಷಿಸಿ ಈ ಎರಡರ ಇಳಿಕೆಯ ಅಂತರವನ್ನು ಕಂಡರೆ, ಅಷ್ಟು ದಿನಗಳಲ್ಲಿ ಉತ್ಪನ್ನವಾದ ಇಂಗಾಲಾಮ್ಲವೂ ಅದರಿಂದ ಶಕ್ತಿವ್ಯಯವೂ ತಿಳಿಯುವುದು. ಕೋಣೆಯೂ ಬೇಡ, ಚೀಲವೂ ಬೇಡ. ಮನುಷ್ಯನು ತನ್ನ ಪಾಡಿಗೆ ತಾನು ದುಡಿದುಕೊಂಡಿರಬಹುದು. ಭಾರವಾದ ಆಮ್ಲಜನಕದ ಬೆಲೆಯು ಅತಿಯಾಗಿದ್ದುದರಿಂದ ಮನುಷ್ಯರಲ್ಲಿ ಇದರ ಪ್ರಯೋಗಕ್ಕೆ ೧೯೮೨ರವರೆಗೆ, ಎಂದರೆ ಷೆಲ್ಲರ್ ಮತ್ತು ಫಾನ್ ಸಾಂಟೆನ್ ಎಂಬುವರ ಕಾಲದವರೆಗೆ, ಕಾಯಬೇಕಾಯಿತು. ಇದರ ಕೊರತೆಯೆಂದರೆ, ಇದು ವಾರಗಳ ಮೊತ್ತವನ್ನು ಹೇಳುವುದೇ ಹೊರತು ಯಾವ ದಿನ, ಯಾವ ಗಂಟೆ, ಯಾವ ಕೆಲಸವೆಂಬುದನ್ನು ಹೇಳದು. ಅದನ್ನು ಹೇಳಬಲ್ಲುದು ಮಾಪಕವೊಂದೇ. ಆದುದರಿಂದ ಇವೆರಡೂ ಒಂದಕ್ಕೊಂದು ಪೂರಕ.

ಒರೆಗೆ ಹಚ್ಚಿದಾಗ ಕಂಡುಬಂದುದು ಯಂತ್ರಗಳಿಗೆ ಅಷ್ಟೇನೂ ಗೌರವವನ್ನು ತರುವುದಲ್ಲ. ೨೦೧೭ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಮಣಿಕಟ್ಟಿನ ಏಳು ಯಂತ್ರಗಳನ್ನು ಅರವತ್ತು ಮಂದಿಗೆ ತೊಡಿಸಿ ಉಸಿರಿನ ಅಳತೆಯೊಡನೆ ಹೋಲಿಸಿದರು. ನಾಡಿಯ ವಿಷಯದಲ್ಲಿ ಆರು ಯಂತ್ರಗಳ ತಪ್ಪು ನೂರಕ್ಕೆ ಐದರೊಳಗೆ ಇದ್ದಿತು. ಶಕ್ತಿವ್ಯಯದ ವಿಷಯದಲ್ಲಿ ಮಾತ್ರ, ಎಲ್ಲಕ್ಕಿಂತ ಉತ್ತಮವಾದುದರ ತಪ್ಪೇ ನೂರಕ್ಕೆ ೨೭, ಕನಿಷ್ಠವಾದುದರ ತಪ್ಪು ನೂರಕ್ಕೆ ೯೩. ಅಳೆದುದು ಸರಿಯಾಗಿದ್ದಿತು; ಅಳೆದುದರಿಂದ ಊಹಿಸಿದುದು ತಪ್ಪಾಗಿದ್ದಿತು.

ಭಾರಜಲವು ಇನ್ನೊಂದು ಅನಿರೀಕ್ಷಿತವಾದ ವಿಷಯವನ್ನೂ ಹೊರಗೆಡವಿತು. ಪೂರ್ವ ಆಫ್ರಿಕದ ಟಾಂಜಾನಿಯದಲ್ಲಿ ಬೇಟೆಯಿಂದಲೂ ಗೆಡ್ಡೆಗೆಣಸುಗಳಿಂದಲೂ ಜೀವಿಸುವ ಹಾಡ್ಜಾ ಜನರು ದಿನವೆಲ್ಲ ನಡೆಯುವವರು. ಪಾಂಟ್ಸರ್ ಮೊದಲಾದವರು ೨೦೧೨ರಲ್ಲಿ ಪ್ರಕಟಿಸಿದಂತೆ, ದೇಹದ ಗಾತ್ರಕ್ಕೆ ಸರಿಹೊಂದಿಸಿ ನೋಡಿದರೆ ಅವರ ದಿನವೆಚ್ಚವು ಪಾಶ್ಚಾತ್ಯ ನಗರವಾಸಿಗಳ ದಿನವೆಚ್ಚಕ್ಕಿಂತ ಹೆಚ್ಚಾಗಿರಲಿಲ್ಲ. ಶ್ರಮವು ಹೆಚ್ಚಿದಾಗ ದೇಹವು ಬೇರೆ ಬಾಬುಗಳಲ್ಲಿ ಉಳಿತಾಯ ಮಾಡಿಕೊಳ್ಳುವುದೇ ಎಂಬ ಚರ್ಚೆಯು ಇದರಿಂದ ಎದ್ದಿತು. ಹಾಗಿದ್ದಲ್ಲಿ, ಮೂಲವೆಚ್ಚಕ್ಕೆ ಚಲನೆಯ ವೆಚ್ಚವನ್ನು ಕೂಡಿಸುತ್ತ ಹೋಗುವ ಯಂತ್ರದ ಸರಳವಾದ ಸಂಕಲನವೇ ಪ್ರಶ್ನೆಗೆ ಒಳಗಾಗುವುದು. ಆದರೆ ಈ ಫಲಿತಾಂಶದಿಂದ, ದುಡಿಯುವವನಿಗೆ ಹೆಚ್ಚು ಅನ್ನವು ಬೇಡವೆಂದು ಅವಸರದಿಂದ ನಿರ್ಣಯಿಸುವುದು ಅಪಾಯಕರ. ದೇಹವು ಉಳಿಸಿಕೊಳ್ಳುವುದು ಯಾವ ಬಾಬಿನಿಂದ, ಅದಕ್ಕೆ ತೆರುವ ಬೆಲೆಯೇನು ಎಂಬುದು ಬೇರೆಯಾದ ಪ್ರಶ್ನೆ.

೭

ಭಾರತದಲ್ಲಿ ಈ ಶಾಸ್ತ್ರಕ್ಕೆ ನೆಲೆಯಾದುದು ನೀಲಗಿರಿಯ ಕೂನೂರು. ಮ್ಯಾಕರಿಸನ್ನರು ಆರಂಭಿಸಿದ ಅಲ್ಲಿನ ಆಹಾರ ಪರಿಶೋಧನಶಾಲೆಯಿಂದ, ಐಕ್ರಾಯ್ಡರ ನೇತೃತ್ವದಲ್ಲಿ, ಭಾರತೀಯ ಆಹಾರಗಳ ಪೌಷ್ಟಿಕತೆಯನ್ನು ಕುರಿತ ಪುಸ್ತಿಕೆಯು ೧೯೩೭ರಲ್ಲಿ ಹೊರಟಿತು. ಆ ಸಂಸ್ಥೆಯು ೧೯೫೮ರಲ್ಲಿ ಹೈದರಾಬಾದಿಗೆ ಹೋಗಿ ನೆಲಸಿತು. ಸ್ವಾತಂತ್ರ್ಯಾನಂತರ ಬಡತನದ ಗೆರೆಯನ್ನು ಎಳೆಯಬೇಕಾಗಿ ಬಂದಾಗ ಅದನ್ನು ಎಳೆದುದು ಕ್ಯಾಲೊರಿಯ ಮಾನದಿಂದಲೇ. ದಾಂಡೇಕರ್ ಮತ್ತು ರಥ್ ಎಂಬುವರು ೧೯೭೧ರಲ್ಲಿ ತಲೆಗೆ ೨೨೫೦ ಕ್ಯಾಲೊರಿಗಳೆಂದರು. ಯೋಜನಾ ಆಯೋಗದ ಸಮಿತಿಯು ೧೯೭೯ರಲ್ಲಿ ಹಳ್ಳಿಗೆ ೨೪೦೦, ಪಟ್ಟಣಕ್ಕೆ ೨೧೦೦ ಎಂದಿತು. ಹಳ್ಳಿಯವನ ದುಡಿಮೆಯು ಹೆಚ್ಚೆಂಬ ಊಹೆಯೇ ಈ ಅಂತರಕ್ಕೆ ಕಾರಣ. ಒಬ್ಬನ ಅಗತ್ಯವೇ ದಿನದಿನಕ್ಕೆ ಏರಿಳಿಯುವುದರಿಂದ ಇಂತಹ ಒಂದೇ ಗೆರೆಯು ಹಸಿದವರ ಸಂಖ್ಯೆಯನ್ನು ಹೆಚ್ಚಿಸಿ ತೋರಿಸುವುದೆಂದು ಸುಖಾತ್ಮೆಯವರು ಆಕ್ಷೇಪಿಸಿದರು. ಆ ವಾದದಲ್ಲಿ ಎರಡು ಪಕ್ಷಗಳಿಗೂ ಕೊರತೆಯಾಗಿದ್ದುದು ಒಂದೇ: ಭಾರತದ ಕೂಲಿಕಾರನು ಒಂದು ದಿನದಲ್ಲಿ ನಿಜವಾಗಿ ಎಷ್ಟನ್ನು ವ್ಯಯಿಸುವನೆಂಬ ಅಳತೆ.

ಈ ಕೊರತೆಯನ್ನು ತುಂಬುವ ಕೆಲಸದಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿಗೆ ಸ್ಮರಣೀಯವಾದ ಸ್ಥಾನವುಂಟು. ಜಗತ್ತಿನಾದ್ಯಂತ ಅನುಸರಿಸುತ್ತಿದ್ದ ೧೯೮೫ರ ಷೋಫೀಲ್ಡ್ ಸೂತ್ರಗಳ ಮೂಲದಲ್ಲಿದ್ದವರು ಹತ್ತಿರ ಹತ್ತಿರ ಅರ್ಧದಷ್ಟು ಇಟಲಿಯವರೇ ಆಗಿದ್ದರು. ಅವು ಭಾರತೀಯರಿಗೆ ಒಪ್ಪುವುದಿಲ್ಲವೆಂದು ಕಂಡು, ಸೋರೆಸ್, ಫ್ರಾನ್ಸಿಸ್, ಶೆಟ್ಟಿ ಎಂಬ ವಿದ್ವಾಂಸರು ಭಾರತೀಯ ಗಂಡಸರಿಗೆ ತಕ್ಕ ಸೂತ್ರಗಳನ್ನು ೧೯೯೩ರಲ್ಲಿ ಇಲ್ಲಿಂದ ಪ್ರಕಟಿಸಿದರು. ಬಹುಕಾಲದಿಂದ ಅರೆಹೊಟ್ಟೆಯಲ್ಲಿ ಬಾಳಿದವರ ದಿನವೆಚ್ಚವನ್ನು ಭಾರಜಲದ ವಿಧಾನದಿಂದ ಅಳೆದ ಕಾರ್ಯವೂ ಇಲ್ಲಿ ನಡೆಯಿತು. ೧೯೩೧ರ ಮದರಾಸಿನ ಎಚ್ಚರಿಕೆಗೆ ಹೀಗೆ ಅರುವತ್ತು ವರ್ಷಗಳ ಮೇಲೆ ಉತ್ತರವು ದೊರೆಯಿತು.

ಪ್ರಶ್ನೆಯು ಇಂದಿಗೂ ಮುಗಿದಿಲ್ಲ. ಆದಾಯವು ಏರಿದರೂ ಭಾರತೀಯರು ಸೇವಿಸುವ ಕ್ಯಾಲೊರಿಗಳು ಇಳಿಯುತ್ತಿರುವುದನ್ನು ಡೀಟನ್ ಮತ್ತು ಡ್ರೆಜ್ ಎಂಬ ಅರ್ಥಶಾಸ್ತ್ರಜ್ಞರು ೨೦೦೯ರಲ್ಲಿ ವಿಚಾರಿಸಿದರು. ಯಂತ್ರಗಳು ಬಂದು ದುಡಿಮೆಯು ಹಗುರವಾದುದು ಇದಕ್ಕೆ ಒಂದು ಕಾರಣವಾಗಿರಬಹುದೆಂದು ಅವರು ಸೂಚಿಸಿದರು; ದುಡಿಮೆಯ ನೇರವಾದ ಅಳತೆಯಿಲ್ಲದಿರುವುದರಿಂದ ಅದು ಸೂಚನೆಯಾಗಿಯೇ ಉಳಿಯಿತು. ಭಾರತೀಯ ವೈದ್ಯಕೀಯ ಸಂಶೋಧನ ಮಂಡಲಿಯ ೨೦೨೦ರ ನಿರ್ಣಯದಂತೆ ಕುಳಿತು ಕೆಲಸಮಾಡುವ ಗಂಡಸಿಗೆ ದಿನಕ್ಕೆ ೨೧೧೦, ಕಠಿಣವಾಗಿ ದುಡಿಯುವವನಿಗೆ ೩೪೭೦ ಕ್ಯಾಲೊರಿಗಳು ಬೇಕು. ಈ ಎರಡರ ಅಂತರವು ೧೩೬೦. ಧಾನ್ಯದ ಲೆಕ್ಕದಲ್ಲಿ ಸುಮಾರು ನಾನೂರು ಗ್ರಾಂ. ಎಂದರೆ, ಒಬ್ಬನ ಶ್ರಮವನ್ನು ಹಗುರವೆಂದು ಬರೆಯುವುದಕ್ಕೂ ಕಠಿಣವೆಂದು ಬರೆಯುವುದಕ್ಕೂ ಇರುವ ವ್ಯತ್ಯಾಸವು ಟೆಂಪಲ್ಲರು ೧೮೭೭ರಲ್ಲಿ ವಿಧಿಸಿದ ಒಂದು ಪೌಂಡು ಧಾನ್ಯಕ್ಕೆ ಹೆಚ್ಚುಕಡಮೆ ಸಮ. ಹೊರೆಯನ್ನು ಕಾಣದ, ಬೀಸುವ ಕಲ್ಲನ್ನು ಕಾಣದ ಯಂತ್ರವೊಂದು ಈ ತೀರ್ಪನ್ನು ಕೊಡುವುದಾದರೆ, ಅದರ ಸಮೀಕರಣವು ಯಾವ ಜನರ ಮೇಲೆ, ಯಾವ ಕೆಲಸಗಳ ಮೇಲೆ ಕಟ್ಟಿದುದೆಂದು ಕೇಳುವುದು ಅವಶ್ಯವಾಗುವುದು. ಇಂಗ್ಲೆಂಡಿನ ರೀಡಿಂಗ್ ವಿಶ್ವವಿದ್ಯಾಲಯದ ಪರಿಶೋಧಕರು ಘಾನಾ, ಭಾರತ, ನೇಪಾಳಗಳ ಬೇಸಾಯದ ಕುಟುಂಬಗಳಿಗೆ ಮಾಪಕಗಳನ್ನು ತೊಡಿಸಿ, ಅದರ ಜೊತೆಗೆ ಅವರು ಯಾವ ಹೊತ್ತಿನಲ್ಲಿ ಯಾವ ಕೆಲಸವನ್ನು ಮಾಡಿದರೆಂಬುದನ್ನೂ ಬರೆದುಕೊಂಡುದು ಈ ದೃಷ್ಟಿಯಿಂದ ಸರಿಯಾದ ಮಾರ್ಗವಾಗಿದೆ.

ತಾಳೆಯೋಲೆಯ ಪ್ರತಿಯಲ್ಲಿ ಹುಳು ತಿಂದ ಎಡೆಗಳನ್ನು ಸಂಪಾದಕನು ತನ್ನ ಊಹೆಯಿಂದ ತುಂಬುವುದುಂಟು. ಆದರೆ ತುಂಬಿದ ಅಕ್ಷರಗಳನ್ನು ಕಂಸದೊಳಗಿರಿಸಿ, ಇದು ಮೂಲದ್ದಲ್ಲವೆಂದು ಓದುಗನಿಗೆ ತಿಳಿಸುವುದು ಅವನ ಧರ್ಮ. ಮಣಿಕಟ್ಟಿನ ಯಂತ್ರವು ತೋರಿಸುವ ಅಂಕಿಯಲ್ಲಿಯೂ ಅಳೆದ ಅಕ್ಷರಗಳು ಕೆಲವು, ತುಂಬಿದ ಅಕ್ಷರಗಳು ಹಲವು. ಕಂಸಗಳು ಮಾತ್ರ ಇಲ್ಲ. ಅವುಗಳನ್ನು ಹಾಕಿ ಓದುವುದನ್ನು ಕಲಿತರೆ ಆ ಅಂಕಿಯಿಂದ ಬಹಳ ಪ್ರಯೋಜನವುಂಟು. ಕಲಿಯದೆ ಅದರಿಂದ ಕೂಲಿಯನ್ನೋ ಪಡಿಯನ್ನೋ ಗೊತ್ತುಮಾಡಹೊರಟರೆ, ಧಾತು ಸಂವತ್ಸರದ ತಪ್ಪು ಬೇರೊಂದು ವೇಷದಲ್ಲಿ ಮರಳಿ ಬರುವುದು.